ಮಿತವ್ಯಯಿಯೂ ಪುಸ್ತಕದಂಗಡಿಯೂ

ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ, ರಾಜಾಧಿಕಾರಿಗಳ ನಡತೆಯನ್ನು ಪರೀಕ್ಷಿಸುವ ಸಂದರ್ಭದಲ್ಲಿ, ಹಣದ ವಿಷಯದಲ್ಲಿ ದಾರಿ ತಪ್ಪಿದ ಮೂರು ಬಗೆಯ ಜನರನ್ನು ಹೆಸರಿಸಿರುವನು. ತಂದೆ ತಾತಂದಿರ ಸ್ವತ್ತನ್ನು ಅನ್ಯಾಯವಾಗಿ ತಿಂದು ಮುಗಿಸುವವನು ಮೂಲಹರನು. ಅಂದು ಬಂದುದನ್ನು ಅಂದೇ ಉಂಡು ಕೈತೊಳೆಯುವವನು ತಾದಾತ್ವಿಕನು. ತನ್ನನ್ನೂ ತನ್ನ ಆಳುಗಳನ್ನೂ ಪೀಡಿಸಿ ಕೂಡಿಡುವವನು ಕದರ್ಯನು. ಮೈಸೂರಿನ ಪ್ರಾಚ್ಯಪುಸ್ತಕ ಭಂಡಾರಕ್ಕೆ ಸೇರಿದ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು 1909 ರಲ್ಲಿ ಈ ಗ್ರಂಥವನ್ನು ಅಚ್ಚು ಹಾಕಿಸಿದಂದಿನಿಂದ ಈ ಮೂವರೂ ವಿದ್ಯಾವಂತರಿಗೆ ಪರಿಚಿತರು. ಆದರೆ ಈ ಮೂವರಲ್ಲಿ ಯಾರ ಪಂಕ್ತಿಗೂ ಸೇರದ ನಾಲ್ಕನೆಯವನೊಬ್ಬನು ಲೋಕದಲ್ಲಿ ಉಂಟು. ಅವನು ದುಂದುಗಾರನಲ್ಲ, ಲೋಭಿಯೂ ಅಲ್ಲ. ಕಾಸಿಗೆ ಕಾಸು ಲೆಕ್ಕವಿಟ್ಟು ಸಂಸಾರ ನಡೆಸತಕ್ಕವನು. ಆದರೆ ಯಾವುದೋ ಒಂದು ಅಂಗಡಿಯ ಮೆಟ್ಟಿಲು ಹತ್ತಿದೊಡನೆ ಅವನ ಗಂಟಿನ ಬಿಗಿ ತಾನಾಗಿ ಸಡಿಲವಾಗುವುದು. ಕೊಂಡು ಹೊರಬಂದಾಗ ಮನಸ್ಸಿಗೆ ಹಿಗ್ಗು. ಮನೆಯ ಬಾಗಿಲು ಹತ್ತಿರವಾದಂತೆ ಅಳುಕು. ಇಂಥವರು ಪ್ರತಿ ಊರಿನಲ್ಲಿಯೂ ಇರುವರಾದರೂ ತಮ್ಮ ಹಿಗ್ಗನ್ನೂ ಅಳುಕನ್ನೂ ಬರೆದಿಟ್ಟವರು ವಿರಳ. ಎರಡನ್ನೂ ಮರೆಮಾಚದೆ ಬರೆದಿಟ್ಟವರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸನು ಅಗ್ರಗಣ್ಯನು. ಆತನ ಮನಸ್ಸನ್ನು ಸೆಳೆಯುತ್ತಿದ್ದುದು ಪುಸ್ತಕದಂಗಡಿ.

ಪೀಪ್ಸನು 1633 ರ ಫೆಬ್ರವರಿ 23 ರಂದು ಲಂಡನ್ನಿನಲ್ಲಿ ಒಬ್ಬ ದರ್ಜಿಯ ಮಗನಾಗಿ ಹುಟ್ಟಿದನು. ಸೈಂಟ್ ಪಾಲ್ ಮಹಾದೇವಾಲಯದ ಮಗ್ಗುಲಲ್ಲಿದ್ದ ಶಾಲೆಯಲ್ಲಿ ಓದಿ, ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜಿನಲ್ಲಿ ಪದವಿಯನ್ನು ಪಡೆದು, ಬಂಧುವಾದ ಎಡ್ವರ್ಡ್ ಮಾಂಟೇಗು ಎಂಬ ಪ್ರಭುವಿನ ಆಶ್ರಯವನ್ನು ಸೇರಿದನು. 1660 ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯು ಪರದೇಶದಿಂದ ಹಿಂದಿರುಗಿ ಸಿಂಹಾಸನವನ್ನೇರಿದಾಗ, ಆ ಪ್ರಭುವಿನ ಕೃಪೆಯಿಂದ ಪೀಪ್ಸನಿಗೆ ನೌಕಾ ಇಲಾಖೆಯಲ್ಲಿ ವರ್ಷಕ್ಕೆ 350 ಪೌಂಡು ಸಂಬಳದ ಹುದ್ದೆಯೊಂದು ದೊರೆಯಿತು. ಅದೇ ವರ್ಷದ ಜನವರಿ 1 ರಿಂದ 1669 ರ ಮೇ 31 ರವರೆಗೆ ಆತನು ದಿನಚರಿಯನ್ನು ಬರೆದನು. ಕಣ್ಣು ಕೆಡುವುದೆಂಬ ಭಯದಿಂದ ಅದನ್ನು ನಿಲ್ಲಿಸಬೇಕಾಯಿತು. ಅನ್ಯರು ಸುಲಭವಾಗಿ ಓದದಂತೆ ಅದನ್ನು ಷೆಲ್ಟನ್ ಎಂಬಾತನು ಕಲ್ಪಿಸಿದ ಶೀಘ್ರಲಿಪಿಯಲ್ಲಿ ಬರೆದುದರಿಂದಲೇ ಆತನ ಲೇಖನಿಗೆ ಅಷ್ಟು ಧೈರ್ಯವಿದ್ದಿತು.

ಸೈಂಟ್ ಪಾಲ್ ದೇವಾಲಯದ ಸುತ್ತಣ ಅಂಗಳವು ಆ ಕಾಲದಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರದ ಪೇಟೆಯಾಗಿದ್ದಿತು. ಪುರೋಹಿತರ ಪ್ರವಚನಗಳಿಂದ ಹಿಡಿದು ಪ್ರಹಸನಗಳವರೆಗೆ ಸಮಸ್ತವೂ ಅಲ್ಲಿಯೇ ದೊರೆಯುತ್ತಿದ್ದವು. ಪೀಪ್ಸನು ಬಾಲ್ಯದಲ್ಲಿ ಶಾಲೆಗೆ ಹೋಗಿ ಬರುತ್ತಿದ್ದುದೂ ಈ ಅಂಗಡಿಗಳ ಬಳಿಯಲ್ಲಿಯೇ. ಆಗ ಹೊರಗಿನಿಂದ ನೋಡಿದ ಹುಡುಗನು ಮುಂದೆ ಅಧಿಕಾರಿಯಾಗಿ ಒಳಹೊಕ್ಕಾಗ, ಅಲ್ಲಿನ ಕಿರ್ಟನ್ ಎಂಬ ವ್ಯಾಪಾರಿಯನ್ನು ತನ್ನವನನ್ನಾಗಿ ಮಾಡಿಕೊಂಡನು. ದಿನಚರಿಯಲ್ಲಿ ಆತನನ್ನು ಕರೆಯುವುದೇ ತನ್ನ ಪುಸ್ತಕವ್ಯಾಪಾರಿ ಎಂದು. ಮನೆಗೆ ವೈದ್ಯನೂ ಪುರೋಹಿತನೂ ಗೊತ್ತಾದವರು ಇರುವಂತೆ ಪೀಪ್ಸನಿಗೆ ಕಿರ್ಟನ್ ಇದ್ದನು.

ಇನ್ನು ಆತನ ಮಿತವ್ಯಯವು ಎಂಥದು ಎಂಬುದನ್ನು ನೋಡಬೇಕು. 1660 ರಲ್ಲಿ ದೊರೆಯನ್ನು ಕರೆತರಲು ಹಡಗು ಹತ್ತಿದಾಗ, ಮನೆ ಮತ್ತು ಸಾಮಾನುಗಳ ಹೊರತು ತನ್ನ ಬಳಿ 25 ಪೌಂಡು ಕೂಡ ಸ್ವಂತದ್ದೆಂಬುದು ಇರಲಿಲ್ಲವೆಂದು ಆತನು ಬರೆದಿರುವನು. ಆದುದರಿಂದ ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಸಿ, ಉಳಿತಾಯವೆಷ್ಟೆಂದು ಬರೆದು, ದೇವರಿಗೆ ವಂದನೆ ಸಲ್ಲಿಸುವುದು ಆತನಿಗೆ ಸಂಧ್ಯಾವಂದನೆಯಷ್ಟೇ ನಿಯತವಾದ ಕರ್ಮವಾಯಿತು. 1663 ರ ಅಕ್ಟೋಬರ್ ಕೊನೆಯ ಲೆಕ್ಕದಲ್ಲಿ ಹಿಂದಿನ ತಿಂಗಳಿಗಿಂತ 43 ಪೌಂಡು ಕಡಮೆಯಾಗಿರಲು ಬಹಳ ವ್ಯಸನಪಟ್ಟನು. ಕಾರಣವನ್ನು ಹುಡುಕಿದರೆ ಬಟ್ಟೆಯ ವೆಚ್ಚ: ಹೆಂಡತಿಗೆ ಸುಮಾರು 12 ಪೌಂಡು, ತನಗೆ ಸುಮಾರು 55 ಪೌಂಡು! ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿ ಪ್ರಾಮಾಣಿಕವಾಗಿ ಬರೆದನೆಂಬುದಕ್ಕಾಗಿಯಾದರೂ ಆತನನ್ನು ಮೆಚ್ಚಬೇಕು.

ಮದ್ಯಪಾನಕ್ಕೂ ನಾಟಕಕ್ಕೂ ಆಸೆಪಟ್ಟು ಹಣವೂ ಕಾಲವೂ ಹಾಳಾಗುತ್ತಿರಲು, ಪೀಪ್ಸನು ಲಿಖಿತರೂಪವಾದ ಪ್ರತಿಜ್ಞೆಗಳನ್ನು ಮಾಡಿಕೊಂಡನು. ಅವನ್ನು ಭಾನುವಾರಗಳಲ್ಲಿ ಓದಿಕೊಳ್ಳುವನು. ಭಂಗವಾದರೆ ಬಡವರ ಪೆಟ್ಟಿಗೆಗೆ ದಂಡ ತೆರುವನು. ನಮ್ಮವರ ವ್ರತ, ಪಾರಾಯಣ, ಪ್ರಾಯಶ್ಚಿತ್ತಗಳ ಛಾಯೆಯೇ ಇಲ್ಲಿಯೂ ತೋರುವುದು. ವ್ರತವಿದ್ದಲ್ಲಿ ಉಪಾಯವೂ ಇರತಕ್ಕದ್ದಷ್ಟೆ. 1663 ರ ಅಕ್ಟೋಬರ್ 29 ರಂದು ನಗರಾಧ್ಯಕ್ಷನ ಔತಣದಲ್ಲಿ ಸಕ್ಕರೆ ಮತ್ತು ಸಂಬಾರಗಳನ್ನು ಬೆರಸಿದ ದ್ರಾಕ್ಷಾರಸವನ್ನು ಆತನು ಕುಡಿದನು. ಅದು ಬೆರಕೆಯ ಪಾನೀಯವೇ ಹೊರತು ಮದ್ಯವಲ್ಲವೆಂದು ತನ್ನಲ್ಲಿಯೇ ತೀರ್ಪು ಮಾಡಿಕೊಂಡನು. ಧರ್ಮಶಾಸ್ತ್ರವನ್ನು ಓದಿದವರಿಗೆ ಇಂಥ ಮೀಮಾಂಸೆ ಹೊಸದೆನಿಸಲಾರದು.

ಇಷ್ಟು ಬಿಗಿಯಾದ ಮನುಷ್ಯನು ಪುಸ್ತಕದ ವಿಷಯದಲ್ಲಿ ಹೇಗೆ ನಡೆದುಕೊಂಡನೆಂಬುದಕ್ಕೆ "ಹ್ಯೂಡಿಬ್ರಾಸ್" ಎಂಬ ಹಾಸ್ಯಕಾವ್ಯದ ಪ್ರಕರಣವು ಒಳ್ಳೆಯ ನಿದರ್ಶನ. ಸ್ಯಾಮ್ಯುಯೆಲ್ ಬಟ್ಲರನ ಈ ಕೃತಿಯನ್ನು ಆಗ ಊರೆಲ್ಲ ಹೊಗಳುತ್ತಿದ್ದಿತು. 1662 ರ ಡಿಸೆಂಬರ್ 26 ರಂದು ಮಿತ್ರರ ಬಾಯಲ್ಲಿ ಅದರ ಮಾತು ಬಂದೊಡನೆ ಪೀಪ್ಸನು ಹುಡುಕಿಕೊಂಡು ಹೋಗಿ 2 ಷಿಲಿಂಗು 6 ಪೆನ್ನಿ ಕೊಟ್ಟು ಕೊಂಡನು. ಓದಿ ನೋಡಿದರೆ ರುಚಿಸಲಿಲ್ಲ, ಕೊಂಡುದಕ್ಕೆ ನಾಚಿಕೆಯಾಯಿತು. ಅದೇ ದಿನ ಊಟದ ಮನೆಯಲ್ಲಿ ಸಿಕ್ಕಿದವನೊಬ್ಬನಿಗೆ 18 ಪೆನ್ನಿಗೆ ಮಾರಿಬಿಟ್ಟನು. 12 ಪೆನ್ನಿಗೆ ಒಂದು ಷಿಲಿಂಗು. ಹೀಗೆ ಅರ್ಧ ದಿನದಲ್ಲಿ ಒಂದು ಷಿಲಿಂಗು ನಷ್ಟವಾಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಲೋಕವೆಲ್ಲ ಮೆಚ್ಚಿದುದನ್ನು ತಾನು ಮೆಚ್ಚದಿರುವುದು ತನ್ನದೇ ದೋಷವಾಗಿರಬಹುದೆಂದು ಬಗೆದು, 1663 ರ ಫೆಬ್ರವರಿ 6 ರಂದು ಅದೇ ಪುಸ್ತಕವನ್ನು ಮತ್ತೆ ಕೊಂಡನು! ನವೆಂಬರ್ 28 ರಂದು ಎರಡನೆಯ ಭಾಗವನ್ನು ಸೈಂಟ್ ಪಾಲ್ ಅಂಗಳದಲ್ಲಿ ಕಂಡನು. ಈ ಸಲ ಎಚ್ಚರಿಕೆ ಬಂದಿದ್ದಿತು. ಕೊಳ್ಳಲಿಲ್ಲ, ಮೊದಲನೆಯದರಷ್ಟು ಚೆನ್ನಾಗಿದೆಯೋ ಎಂದು ನೋಡುವುದಕ್ಕಾಗಿ ಎರವಲು ತೆಗೆದುಕೊಂಡು ಹೋದನು.

ಇದಾದ ಹನ್ನೆರಡನೆಯ ದಿನ, ಎಂದರೆ 1663 ರ ಡಿಸೆಂಬರ್ 10 ರಂದು, ನಡೆದುದು ಇನ್ನೂ ಸ್ವಾರಸ್ಯವಾದುದು. ಆ ದಿನ ಕಚೇರಿಯ ಕಾಗದ ಮೊದಲಾದ ಸಾಮಗ್ರಿಗಳ ಲೆಕ್ಕದಲ್ಲಿ, ದೊರೆಯ ಬೊಕ್ಕಸದ ಮೇಲೆ, ಪೀಪ್ಸನಿಗೆ 40 ಷಿಲಿಂಗಿನಿಂದ 3 ಪೌಂಡಿನವರೆಗೆ ಲಾಭ ಸಿಕ್ಕಿದ್ದಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ತನ್ನ ವ್ಯಾಪಾರಿಯ ಅಂಗಡಿಗೆ ಹೋಗಿ, ಎರಡು ಮೂರು ಗಂಟೆಗಳ ಕಾಲ ಕುಳಿತು, ಇಪ್ಪತ್ತು ಪುಸ್ತಕಗಳನ್ನು ತರಿಸಿ ಮುಂದಿಟ್ಟುಕೊಂಡನು. ಚಾಸರನ ಕಾವ್ಯ, ಡಗ್ಡೇಲನು ಬರೆದ ಸೈಂಟ್ ಪಾಲ್ ದೇವಾಲಯದ ಚರಿತ್ರೆ, ಸ್ಟೋ ಎಂಬಾತನ ಲಂಡನ್ ವರ್ಣನೆ, ಷೇಕ್ಸ್‌ಪಿಯರ್ ಮತ್ತು ಜಾನ್ಸನ್ನರ ನಾಟಕಗಳು ಎಲ್ಲವೂ ಎದುರಿಗಿದ್ದವು. ಮನಸ್ಸು ನಾಟಕಗಳ ಕಡೆಗೆ ಎಳೆಯುತ್ತಿದ್ದಿತು. ಆದರೆ ನಾಟಕವು ವಿನೋದ. ವಿನೋದಕ್ಕೆ ಹಣ ಸುರಿಯಬಹುದೆ? ಬಹಳ ತೊಳಲಾಟದ ಮೇಲೆ, ಫುಲ್ಲರನು ಬರೆದ ಇಂಗ್ಲೆಂಡಿನ ಯೋಗ್ಯಪುರುಷರ ಚರಿತ್ರೆ, ರಾಜಕಾರ್ಯದ ಪತ್ರಗಳ ಸಂಗ್ರಹವೊಂದು, ಹಾಲೆಂಡ್ ದೇಶವನ್ನು ಕುರಿತ ಸಣ್ಣ ಪುಸ್ತಕ, ಮತ್ತೊಂದೆರಡು, ಇಷ್ಟನ್ನು ಆರಿಸಿದನು. ಇವೆಲ್ಲವೂ ಉಪಯೋಗದವು, ಅಥವಾ ಗಂಭೀರವಾದ ಸಂತೋಷವನ್ನು ಕೊಡತಕ್ಕವು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡನು. ಆ ಗಂಭೀರವಾದ ಪಟ್ಟಿಯ ಕೊನೆಯಲ್ಲಿ ಮೆಲ್ಲನೆ ಸೇರಿದ್ದುದು ಯಾವುದು? ಹ್ಯೂಡಿಬ್ರಾಸ್, ಎರಡು ಭಾಗಗಳೂ!

ಮನೆಗೆ ಬೇಳೆ ತರಲು ಹೋಗಿ ಬೆಲ್ಲದ ಮಿಠಾಯಿಯನ್ನೂ ಕಟ್ಟಿಸಿಕೊಂಡು ಬರುವ ಗೃಹಸ್ಥನಿಗೂ ಪೀಪ್ಸನಿಗೂ ಇಲ್ಲಿ ಅಂತರವಿಲ್ಲ. ಆಸೆಯು ನೇರವಾಗಿ ಬಂದರೆ ಬಾಗಿಲು ಹಾಕಿಬಿಡುವ ವಿವೇಕವು, ಅದೇ ಆಸೆಯು ಉಪಯೋಗದ ವೇಷ ಹಾಕಿಕೊಂಡು ಬಂದರೆ ಮಣೆ ಹಾಕಿ ಕೂರಿಸುವುದು. ನಗುವಂತಿದ್ದರೂ ಇದು ದೊಡ್ಡ ತಪ್ಪೇನೂ ಅಲ್ಲ.

ದೊಡ್ಡ ತಪ್ಪು ಇರುವುದು ಬೇರೊಂದು ಕಡೆ. ಆ ದಿನ ಜೇಬಿನಲ್ಲಿದ್ದ ಹಣವು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಪೀಪ್ಸನು ಕೇಳಿಕೊಳ್ಳಲಿಲ್ಲ. ಅದೇ 1663 ರ ಏಪ್ರಿಲ್ 3 ರಂದು ಗ್ರೋವ್ ಎಂಬ ನೌಕಾಧಿಕಾರಿಯೊಬ್ಬನು ಆತನ ಕೈಗೆ ಒಂದು ಕಾಗದವನ್ನು ಕೊಟ್ಟನು. ಒಳಗೆ ಹಣವಿದೆಯೆಂದು ಪೀಪ್ಸನಿಗೆ ತಿಳಿದಿದ್ದಿತು. ಕಚೇರಿಗೆ ಬಂದು ಅದನ್ನು ಒಡೆದು, ಹಣವೆಲ್ಲವೂ ಹೊರಗೆ ಬೀಳುವವರೆಗೆ ಒಳಗೆ ನೋಡದೆ ಇದ್ದನು. ಮುಂದೆ ಯಾರಾದರೂ ವಿಚಾರಣೆ ಮಾಡಿದರೆ, ಕಾಗದದೊಳಗೆ ಹಣವನ್ನು ಕಾಣಲಿಲ್ಲವೆಂದು ಹೇಳಬಹುದಷ್ಟೆ! ಬಿದ್ದುದು ಒಂದು ಚಿನ್ನದ ನಾಣ್ಯ ಮತ್ತು 4 ಪೌಂಡು ಬೆಳ್ಳಿ. ಮೂವತ್ತು ಪೆನ್ನಿಯ ಹಾಸ್ಯಗ್ರಂಥವನ್ನು ಕೊಂಡುದಕ್ಕೆ ನಾಚಿ ಅದೇ ದಿನ ಮಾರಿದ ಕಣ್ಣು, ಈ ಕಾಗದದ ಮುಂದೆ ಬೇಕೆಂದು ಮುಚ್ಚಿಕೊಂಡಿತು.

ಆ ಕಾಲದ ಇಂಗ್ಲೆಂಡಿನಲ್ಲಿ ಅಧಿಕಾರಿಗಳಿಗೆ ಕಾಣಿಕೆ ಬರುವುದು ವಾಡಿಕೆಯಾಗಿದ್ದಿತೆಂಬುದು ನಿಜ. ಸಂಬಳವು ತಡವಾಗಿ ಬರುವುದೂ ಉಂಟು. ಪೀಪ್ಸನು ದಕ್ಷನೆಂಬುದರಲ್ಲಿಯೂ ಸಂದೇಹವಿಲ್ಲ. ಮರ, ಹಗ್ಗ, ಹಡಗುಪಟ ಇವುಗಳ ಬೆಲೆಯನ್ನು ತಾನೇ ಕಲಿತು ದೊರೆಯ ಹಣವನ್ನು ಉಳಿಸಿದವನು ಆತನು. ಆದರೂ ಲೆಕ್ಕವು ತನ್ನ ಮಾತನ್ನು ಹೇಳದೆ ಬಿಡದು. 1663 ರ ಕೊನೆಗೆ ಆತನ ಗಂಟು ಸುಮಾರು 800 ಪೌಂಡು. 1664 ರ ಕೊನೆಗೆ 1,349. 1665 ರ ಕೊನೆಗೆ 4,400. 1666 ರ ಕೊನೆಗೆ 6,200 ನ್ನು ಮೀರಿದ್ದಿತು. ಮೊದಲ ಹುದ್ದೆಯ ಸಂಬಳದಲ್ಲಿ ಒಂದು ಕಾಸೂ ವೆಚ್ಚವಾಗದೆ ಉಳಿದಿದ್ದರೂ ಆ ವೇಳೆಗೆ 2,300 ಪೌಂಡು ಆಗುತ್ತಿರಲಿಲ್ಲ. 1665 ರಲ್ಲಿ ಬೇರೆ ಹುದ್ದೆಗಳು ಸೇರಿದುವೆಂಬುದನ್ನು ಗಣನೆಗೆ ತಂದುಕೊಂಡರೂ ಉಳಿದುದಕ್ಕೆ ಬೇರೆ ಮೂಲವನ್ನು ಹುಡುಕಬೇಕಾಗುವುದು. ನೀರಿನಲ್ಲಿರುವ ಮೀನು ನೀರನ್ನು ಯಾವಾಗ ಕುಡಿಯಿತೆಂಬುದು ಹೇಗೆ ಕಾಣದೋ ಅಧಿಕಾರಿಯು ಹಣ ಮುಟ್ಟುವುದೂ ಹಾಗೆ ಎಂಬ ಅಭಿಪ್ರಾಯವನ್ನು ಕೌಟಿಲ್ಯನು ಆ ಮೂವರ ಲಕ್ಷಣವನ್ನು ಹೇಳಿದ ಅಧ್ಯಾಯದಲ್ಲಿಯೇ ಹೇಳಿರುವನು. ಪೀಪ್ಸನ ವೈಚಿತ್ರ್ಯವೇನೆಂದರೆ, ಈ ಮೀನು ತಾನು ಕುಡಿದ ನೀರನ್ನು ತಾನೇ ಬರೆದಿಟ್ಟಿತು.

ಹೀಗೆ ಮಿತವ್ಯಯಿಯ ಪಾಪಭೀತಿಯು ಅನೇಕ ವೇಳೆ ತಪ್ಪು ಸ್ಥಳದಲ್ಲಿ ಕಾವಲು ನಿಲ್ಲುವುದು. ಹಣವು ಹೊರಗೆ ಹೋಗುವ ಬಾಗಿಲಿನಲ್ಲಿ ಹಗಲಿರುಳು ಪಹರೆ. ಒಳಗೆ ಬರುವ ಬಾಗಿಲು ತೆರೆದೇ ಇರುವುದು. ಪುಸ್ತಕದಂಗಡಿಯ ಮುಂದೆ ಪೀಪ್ಸನು ಪಟ್ಟ ಅಳುಕಿನಲ್ಲಿ ಅರ್ಧವನ್ನು ಕಚೇರಿಯ ಮೇಜಿನ ಮುಂದೆ ಪಟ್ಟಿದ್ದರೆ ಆತನ ಚರಿತ್ರೆಯು ಇನ್ನೂ ನಿರ್ಮಲವಾಗುತ್ತಿದ್ದಿತು.

ಅಂಗಡಿಯ ಮೋಹವಾದರೋ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1660 ರಲ್ಲಿಯೇ ಹಾಲೆಂಡಿನ ಹೇಗ್ ಪಟ್ಟಣದಲ್ಲಿ ರಟ್ಟಿನ ಚೆಂದಕ್ಕೆ ಮರುಳಾಗಿ ಮೂರು ಪುಸ್ತಕಗಳನ್ನು ಕೊಂಡುದನ್ನು ಒಪ್ಪಿಕೊಂಡಿದ್ದನು. 1665 ರ ಜನವರಿಯಲ್ಲಿ ತನ್ನ ಹಳೆಯ ಪುಸ್ತಕಗಳಿಗೆಲ್ಲ ಒಂದೇ ಬಗೆಯ ರಟ್ಟು ಕಟ್ಟಿಸಲು ವ್ಯಾಪಾರಿಗೆ ಅಪ್ಪಣೆ ಮಾಡಿದನು. 1666 ರ ಜುಲೈ ವೇಳೆಗೆ ಪುಸ್ತಕಗಳು ಕುರ್ಚಿಗಳ ಮೇಲೆ ಒಂದರ ಮೇಲೊಂದು ಬಿದ್ದು, ಕೆಳಗಿನದನ್ನು ತೆಗೆಯುವ ಕಷ್ಟಕ್ಕೆ ಅಂಜಿ ಓದುವುದೇ ತಪ್ಪಿಹೋಗುತ್ತಿದ್ದಿತು. ಆಗ ನೌಕಾ ಇಲಾಖೆಯ ಬಡಗಿಯಾದ ಸಿಂಪ್ಸನ್ ಎಂಬಾತನಿಂದ ಗಾಜಿನ ಬಾಗಿಲಿನ ಬೀರುಗಳನ್ನು ಮಾಡಿಸತೊಡಗಿದನು. ಮಿತವ್ಯಯದ ಬುದ್ಧಿಯು ಇಲ್ಲಿಯೂ ಬಿಡಲಿಲ್ಲ. ಬೀರುಗಳು ಹಿಡಿಯುವಷ್ಟೇ ಪುಸ್ತಕಗಳಿರಬೇಕೆಂದು ಕಟ್ಟುಮಾಡಿಕೊಂಡು, ಹೊಸದು ಬಂದಾಗ ಯೋಗ್ಯವಲ್ಲದ ಹಳೆಯದನ್ನು ಹೊರಹಾಕುವನು. ಗೃಹಸ್ಥರ ಮುಂದೆ ಹೆಸರು ಹೇಳತಕ್ಕುದಲ್ಲದ ಒಂದು ಫ್ರೆಂಚ್ ಪುಸ್ತಕವನ್ನು 1668 ರ ಫೆಬ್ರವರಿಯಲ್ಲಿ, ಚೆನ್ನಾದ ರಟ್ಟಿಗೆ ಹಣ ಹಾಕದೆ, ಸಾದಾ ಹೊದಿಕೆಯಲ್ಲಿಯೇ ಕೊಂಡನು. ಓದಿ ಮುಗಿಸಿದ ರಾತ್ರಿಯೇ ಅದು ತನ್ನ ಬೀರುವಿಗೆ ಕಳಂಕವಾಗದಿರಲೆಂದು ಒಲೆಗೆ ಹಾಕಿದನು. ಅಗ್ಗದ ಪ್ರತಿಯನ್ನು ಕೊಂಡುದು ಸುಡುವುದಕ್ಕಾಗಿಯೇ! ಪಾಪದಲ್ಲಿಯೂ ಪೈಸೆಯ ವಿಚಾರವು ಆತನನ್ನು ಬಿಡಲಿಲ್ಲ.

ಇದಕ್ಕೆ ಮುಂಚೆಯೇ ಆ ಪ್ರಿಯವಾದ ಅಂಗಡಿಗೆ ಕೇಡುಗಾಲ ಬಂದುಹೋಗಿದ್ದಿತು. 1666 ರ ಸೆಪ್ಟೆಂಬರ್ 2 ರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಗಲ್ಲಿಯ ರೊಟ್ಟಿಯಂಗಡಿಯಲ್ಲಿ ಹತ್ತಿದ ಬೆಂಕಿಯು ಗಾಳಿಯನ್ನು ಕೂಡಿಕೊಂಡು ಲಂಡನ್ನಿನ ಬಹುಭಾಗವನ್ನು ನುಂಗಿತು. ಸೈಂಟ್ ಪಾಲ್ ಅಂಗಳದ ವ್ಯಾಪಾರಿಗಳು ತಮ್ಮ ಪುಸ್ತಕಗಳನ್ನು ಮಹಾದೇವಾಲಯದ ಕೆಳಗಿದ್ದ ಸೈಂಟ್ ಫೇತ್ ಎಂಬ ನೆಲಮಾಳಿಗೆಯ ಗುಡಿಗೆ ಸಾಗಿಸಿದರು. ಕಲ್ಲಿನ ಕಮಾನು, ದೇವರ ಸನ್ನಿಧಿ. ಅದಕ್ಕಿಂತ ಭದ್ರವಾದ ಸ್ಥಳವಾವುದು? ಸೆಪ್ಟೆಂಬರ್ 4 ರಂದು ದೇವಾಲಯಕ್ಕೇ ಬೆಂಕಿ ತಗುಲಿತು. ಮೇಲ್ಛಾವಣಿ ಕುಸಿಯಿತು, ಅಂಗಳದಲ್ಲಿದ್ದ ಸರಕಿನ ಜ್ವಾಲೆಯು ಕಿಟಕಿಗಳಿಂದ ಒಳಹೊಕ್ಕು ನೆಲಮಾಳಿಗೆಯಲ್ಲಿದ್ದುದನ್ನೆಲ್ಲ ಸುಟ್ಟಿತು. ಪೀಪ್ಸನ ಮನೆಯು ದೈವವಶದಿಂದ ಉಳಿಯಿತು. ಸೆಪ್ಟೆಂಬರ್ 7 ರಂದು ಆತನು ಹೋಗಿ ನೋಡಿದಾಗ ದೇವಾಲಯವು ಸೈಂಟ್ ಫೇತಿನ ಮೇಲೆ ಕುಸಿದುಬಿದ್ದಿದ್ದಿತು. ತಾನು ಓದಿದ ಶಾಲೆಯೂ ಇರಲಿಲ್ಲ.

ಕಿರ್ಟನ್ನನ ಗತಿಯೇನಾಯಿತೆಂಬುದನ್ನು ಅಕ್ಟೋಬರ್ 5 ರಂದು ಆತನ ಬಂಧುವಿನಿಂದ ಪೀಪ್ಸನು ಕೇಳಿದನು. ಏಳೆಂಟು ಸಾವಿರ ಪೌಂಡು ಬಾಳುತ್ತಿದ್ದವನು ಎಲ್ಲವನ್ನೂ ಕಳೆದುಕೊಂಡು ಎರಡು ಮೂರು ಸಾವಿರದ ಸಾಲಗಾರನಾಗಿದ್ದನು. ಸುಟ್ಟುಹೋದ ಪುಸ್ತಕಗಳ ಒಟ್ಟು ಬೆಲೆಯು ಸುಮಾರು 1,50,000 ಪೌಂಡಾಗುವುದೆಂದು ಜನರು ಆಡಿಕೊಳ್ಳುತ್ತಿದ್ದರು.

ಬೆಂಕಿಗೆ ಮುಂಚೆ ರೈಕಾಟ್ ಎಂಬಾತನು ತುರುಕರ ರಾಜ್ಯವನ್ನು ಕುರಿತು ಬರೆದ ಪುಸ್ತಕವೊಂದು ಅಚ್ಚಾಗಿದ್ದಿತು. ಅದರ ಪ್ರತಿಗಳಲ್ಲಿ ಇಪ್ಪತ್ತೆರಡರಷ್ಟು ಹೊರತು ಉಳಿದುವೆಲ್ಲ ಸುಟ್ಟುಹೋದವು. ಮೊದಲು 8 ಷಿಲಿಂಗಿಗೆ ಕೇಳಿದರೂ ಕೊಳ್ಳದಿದ್ದ ಆ ಪುಸ್ತಕಕ್ಕೆ 1667 ರ ಮಾರ್ಚಿಯಲ್ಲಿ ಪೀಪ್ಸನು 20 ಷಿಲಿಂಗು ಕೊಡುವೆನೆಂದನು. ವ್ಯಾಪಾರಿ 50 ಕೇಳಿದನು. ಕೊನೆಗೆ ಏಪ್ರಿಲ್ 8 ರಂದು, ಚಿತ್ರಗಳಿಗೆ ಬಣ್ಣ ಹಾಕಿದ್ದ ಆರೇ ಪ್ರತಿಗಳಲ್ಲಿ ಒಂದನ್ನು 55 ಷಿಲಿಂಗು ಕೊಟ್ಟು ಕೊಂಡನು. ಉಪಯೋಗಕ್ಕಲ್ಲ, ವಿನೋದಕ್ಕೂ ಅಲ್ಲ; ಆ ಮಹಾಗ್ನಿಯ ಸ್ಮಾರಕವಾಗಿಯಾದರೂ ಇರಲಿ ಎಂಬುದೇ ಆತನು ಹೇಳಿಕೊಂಡ ಕಾರಣ. ಒಂದು ಷಿಲಿಂಗಿನ ನಷ್ಟವನ್ನು ಬರೆದಿಟ್ಟವನು ಈ ಸಲ ಪಶ್ಚಾತ್ತಾಪಪಡಲಿಲ್ಲ. ಆ ವರ್ಷದ ನವೆಂಬರ್ 11 ರಂದು ಕಿರ್ಟನ್ ಮೃತನಾದನೆಂದು ಕೇಳಿ, ಬೆಂಕಿಯಲ್ಲಿ ಕಳೆದುಕೊಂಡುದರ ದುಃಖದಿಂದಲೇ ಸತ್ತಿರಬೇಕೆಂದು ಬರೆದನು. ಸೈಂಟ್ ಪಾಲ್ ಅಂಗಳದಲ್ಲಿ ಕುಳಿತು ಇಪ್ಪತ್ತು ಪುಸ್ತಕಗಳನ್ನು ಮುಂದೆ ಹರಡಿಕೊಂಡ ಸಂಜೆಗಳು ಅಲ್ಲಿಗೆ ಮುಗಿದವು.

ಪೀಪ್ಸನು ಮುಂದೆ ದೊಡ್ಡ ಪದವಿಗೆ ಏರಿ, 1689 ರಲ್ಲಿ ಅಧಿಕಾರವನ್ನು ಬಿಟ್ಟು, 1703 ರ ಮೇ 26 ರಂದು ಕಾಲವಾದನು. ಆಗ ರಾಜ್ಯದ ಬೊಕ್ಕಸದಿಂದ ಆತನಿಗೆ 28,000 ಪೌಂಡಿಗೂ ಮಿಗಿಲಾಗಿ ಬಾಕಿ ಇದ್ದಿತು. ಅದು ಕೊನೆಗೂ ಸಲ್ಲಲಿಲ್ಲ. ಪುಸ್ತಕಗಳ ಸಂಖ್ಯೆಯು 3,000 ವಾಗಿದ್ದಿತು. ಒಂದನ್ನೂ ಕಳೆಯದೆ, ಒಂದನ್ನೂ ಸೇರಿಸದೆ, ತಾನು ಓದಿದ ಮಾಡ್ಲಿನ್ ಕಾಲೇಜಿನಲ್ಲಿ ಅವನ್ನು ಇಡತಕ್ಕದ್ದೆಂದು ವಿಧಿಸಿದನು. ಅವನ್ನು ಸರಿಯಾಗಿ ಕಾಪಾಡದಿದ್ದರೆ ಟ್ರಿನಿಟಿ ಕಾಲೇಜಿಗೆ ಹೋಗಬೇಕೆಂದೂ, ಆ ಕಾಲೇಜಿನವರು ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಬಹುದೆಂದೂ ಕಟ್ಟು ಮಾಡಿದನು. ತಿಂಗಳ ಲೆಕ್ಕ ಬರೆದ ಕೈಯೇ ಇದನ್ನೂ ಬರೆಸಿತು. 1724 ರಲ್ಲಿ ಹನ್ನೆರಡು ಬೀರುಗಳ ಸಹಿತ ಪುಸ್ತಕಗಳು ಅಲ್ಲಿಗೆ ಬಂದವು. ಇಂದಿಗೂ ಗಾತ್ರದ ಕ್ರಮದಲ್ಲಿ ಅಲ್ಲಿಯೇ ನಿಂತಿರುವುವು. ಗಿಡ್ಡ ಪುಸ್ತಕವು ನೆರೆಯದಕ್ಕೆ ಸರಿಸಮನಾಗಿ ಕಾಣಲೆಂದು ಕೆಳಗೆ ಸಣ್ಣ ಮರದ ತುಂಡುಗಳನ್ನು ಇಟ್ಟಿರುವುದೂ ಉಂಟು.

ಆ ಬೀರುಗಳಲ್ಲಿಯೇ ಶೀಘ್ರಲಿಪಿಯ ದಿನಚರಿಯೂ ಇದ್ದಿತು. 1819 ರಲ್ಲಿ ಜಾನ್ ಸ್ಮಿತ್ ಎಂಬ ಬಡ ವಿದ್ಯಾರ್ಥಿಯು ಅದನ್ನು ಬಿಡಿಸಲು ತೊಡಗಿ ಮೂರು ವರ್ಷ ಶ್ರಮಿಸಿದನು. 1825 ರಲ್ಲಿ ಮೊದಲ ಸಲ ಅಚ್ಚಾಯಿತು. ಆ ಲಿಪಿಯನ್ನು ಕಲಿಸುವ ಷೆಲ್ಟನ್ನನ ಪುಸ್ತಕವು ಅದೇ ಭಂಡಾರದಲ್ಲಿ ಇದ್ದಿತೆಂಬುದು ಪಾಪ, ಸ್ಮಿತ್ತನಿಗೆ ತಿಳಿದಿರಲಿಲ್ಲ.

ಕಣ್ಣು ಮುಚ್ಚಿ ಸುರಿದುಕೊಂಡ ಚಿನ್ನದ ನಾಣ್ಯವು ಯಾರ ಕೈ ಸೇರಿತೋ ಬಲ್ಲವರಿಲ್ಲ. ದೊರೆಯು ಕೊಡಬೇಕಾದ ಸಾವಿರಗಳು ಕಾಗದದಲ್ಲಿಯೇ ಉಳಿದವು. ಅಳುಕುತ್ತ ಅಳುಕುತ್ತ ಷಿಲಿಂಗು ಎಣಿಸಿ ಕೊಂಡುದು ಮಾತ್ರ ಮುನ್ನೂರು ವರ್ಷಗಳಿಗೆ ಮೇಲ್ಪಟ್ಟು ನಿಂತಿದೆ. ಒಬ್ಬ ಗೃಹಸ್ಥನು ಮಿತವ್ಯಯಿಯೆನಿಸುವುದು ಏನನ್ನೂ ಕೊಳ್ಳದಿರುವುದರಿಂದಲ್ಲ. ಯಾವ ಅಂಗಡಿಯ ಮುಂದೆ ತನ್ನ ಕೈ ಸಡಿಲವಾಗುವುದೆಂಬುದನ್ನು ಅವನು ಅರಿತಿರಬೇಕು. ಆ ಕೈಗೆ ಹಣವು ಬಂದ ದಾರಿಯನ್ನೂ ಅಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಮೊದಲನೆಯದನ್ನು ಪೀಪ್ಸನ ಬಾಳಿನಿಂದ ಕಲಿಯಬಹುದು. ಎರಡನೆಯದನ್ನು ಆತನ ತಪ್ಪಿನಿಂದ ಕಲಿಯತಕ್ಕದ್ದು.